ಎರಡು ಮ್ಯಾಂಚೆಸ್ಟರ್, 27 ಕ್ಯಾಸೆಟ್

ನಮ್ಮ ಆಫೀಸಿಗೆ ವಾರಕ್ಕೊಬ್ಬರಾದರೂ ಆ ಟಿ-ಶರ್ಟ್ ಹಾಕ್ಕೊಂಡು ಬರ್ತಾರೆ. ಕಪ್ಪು ಬಟ್ಟೆ, ಎದೆ ಮೇಲೆ ಬೆಟ್ಟದ ಸಾಲಿನ ಹಾಗೆ ಎದ್ದು ಬಿದ್ದ ಬಿಳಿ ಗೆರೆಗಳು. ನಿಮ್ಮ ಬೀರುವಿನಲ್ಲೂ ಒಂದು ಇರಬಹುದು. ಹೋದ ವರ್ಷ ನನ್ನ ಟೀಮಿನ ಹುಡುಗಿಯೊಬ್ಬಳು ಅದನ್ನೇ ಹಾಕ್ಕೊಂಡು ಲಿಫ್ಟ್‌ನಲ್ಲಿ ಸಿಕ್ಕಿದ್ಲು. ಅದೇನಮ್ಮಾ ಅಂತ ಕೇಳಿದೆ.

“ಹಾರ್ಟ್‌ಬೀಟ್ ಅನ್ಸುತ್ತೆ ಸರ್. ಆನ್‌ಲೈನ್‌ನಲ್ಲಿ ಚೆನ್ನಾಗಿ ಕಾಣ್ತು, ತಗೊಂಡೆ.”

ಪೂರ್ತಿ ತಪ್ಪೇನಲ್ಲ. ಅದು ಒಂದು ನಕ್ಷತ್ರದ ಮಿಡಿತ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಪತ್ತೆ ಹಚ್ಚಿದ ಮೊಟ್ಟಮೊದಲ ಪಲ್ಸಾರ್ ಕಳಿಸುವ ರೇಡಿಯೊ ಅಲೆಗಳ ಚಿತ್ರ. ಖಗೋಳ ವಿಜ್ಞಾನದ ಪುಸ್ತಕವೊಂದರಲ್ಲಿದ್ದ ಅದನ್ನು ಪೀಟರ್ ಸ್ಯಾವಿಲ್ ಎಂಬ ವಿನ್ಯಾಸಕಾರ 1979ರ ಜೂನ್‌ನಲ್ಲಿ ಬಂದ ಒಂದು ರೆಕಾರ್ಡಿನ ಹೊದಿಕೆಗೆ ಬಳಸಿದ. ರೆಕಾರ್ಡಿನ ಹೆಸರು ‘ಅನ್‌ನೋನ್ ಪ್ಲೆಷರ್ಸ್’. ಬ್ಯಾಂಡ್ ‘ಜಾಯ್ ಡಿವಿಷನ್’. ಊರು ಮ್ಯಾಂಚೆಸ್ಟರ್.

ಇಷ್ಟೂ ಹೇಳಿ ಮುಗಿಸೋ ಹೊತ್ತಿಗೆ ಏಳನೇ ಮಹಡಿ ಬಂದಿತ್ತು. “ನಿಮ್ಮತ್ರ ಇದ್ಯಾ ಸರ್ ಅದು?” ಅಂದ್ಲು.

ಇದೆ. ದಾವಣಗೆರೆಯ ನಮ್ಮ ಮನೆ ಅಟ್ಟದ ಮೇಲೆ, ಬೂಟಿನ ಡಬ್ಬಿಯಲ್ಲಿ. ಆದರೆ ನನ್ನದರಲ್ಲಿ ಆ ಗೆರೆಗಳು ಬಿಳಿ ಅಲ್ಲ, ನೀಲಿ. ಬಾಲ್‌ಪೆನ್ನಲ್ಲಿ ಬರೆದದ್ದು.

ಅಟ್ಟದ ಡಬ್ಬಿ

ಅದಾದ ಕೆಲವೇ ತಿಂಗಳಿಗೆ ಆಫೀಸಿನ ಕೆಲಸದ ಮೇಲೆ ಎರಡು ವಾರ ಮ್ಯಾಂಚೆಸ್ಟರ್‌ಗೆ ಹೋಗಬೇಕು ಅಂತಾಯ್ತು. ಹೊರಡೋ ಮುಂಚೆ ಊರಿಗೆ ಹೋದೆ. ಅಟ್ಟ ಹತ್ತಿ ಡಬ್ಬಿ ಇಳಿಸಿದೆ. ಎಣಿಸಿದೆ, 27 ಕ್ಯಾಸೆಟ್.

ಅಪ್ಪನಿಗೆ ಈಗ 84. ಜಗಲಿ ಮೇಲೆ ಕೂತು ನಾನು ಧೂಳು ಒರೆಸೋದನ್ನೇ ನೋಡ್ತಿದ್ದರು. ಎಲ್ಲಿಗೆ ಹೊರಟಿದ್ದೀನಿ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ನಕ್ಕರು.

“ಮ್ಯಾಂಚೆಸ್ಟರ್‌ನಿಂದ ಮ್ಯಾಂಚೆಸ್ಟರ್‌ಗೆ ಹೋಗಾಕೆ ಅಷ್ಟು ದುಡ್ಡು ಖರ್ಚಾ?”

ನಲವತ್ತು ದಾಟಿದ ದಾವಣಗೆರೆಯವರಿಗೆ ಈ ಜೋಕು ಅರ್ಥ ಆಗುತ್ತೆ, ನಿಮ್ಮಲ್ಲಿ ಕೆಲವರಿಗೆ ಆಗಲಿಕ್ಕಿಲ್ಲ. ಬೆಣ್ಣೆ ದೋಸೆಗೆ ಹೆಸರಾಗೋಕೆ ಮುಂಚೆ ನಮ್ಮೂರು ‘ಕರ್ನಾಟಕದ ಮ್ಯಾಂಚೆಸ್ಟರ್’. ಸುತ್ತ ಹತ್ತಿ ಹೊಲ, ಊರ ತುಂಬ ಹತ್ತಿ ಗಿರಣಿ. ಮಿಲ್ಲಿನ ಸೈರನ್ ಕೇಳಿ ಮನೆಮನೆಯಲ್ಲಿ ಗಡಿಯಾರ ಸರಿ ಮಾಡ್ಕೊಳ್ತಿದ್ದರು. ಅಪ್ಪ ಅಂಥದ್ದೊಂದು ಮಿಲ್ಲಿನ ನೇಯ್ಗೆ ವಿಭಾಗದಲ್ಲಿ 27 ವರ್ಷ ದುಡಿದವರು. ಕ್ಯಾಸೆಟ್ ಎಷ್ಟೋ ವರ್ಷವೂ ಅಷ್ಟೇ, ಈಗ ಬರೀತಾ ಹೊಳೀತು.

“ಅಲ್ಲಿ ಮಿಲ್ಲು ಇನ್ನೂ ನಡೀತಾವಾ, ನೋಡ್ಕೊಂಡು ಬಾ” ಅಂದರು. ಅವರು ನನ್ನಿಂದ ಕೇಳಿದ್ದು ಅದೊಂದೇ.

ಈ ಕ್ಯಾಸೆಟ್‌ಗಳು ನನಗೆ ಸಿಕ್ಕ ಕತೆ ಹೇಳಿಬಿಡ್ತೀನಿ. ಎಂಬತ್ತರ ದಶಕದಲ್ಲಿ ನಮ್ಮೂರಿನ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಹುಡುಗರು ಓದೋಕೆ ಬರ್ತಿದ್ದರು. ನಮ್ಮ ಬೀದಿ ಮೂಲೆ ಮನೆಯ ಮಹಡಿಯಲ್ಲಿ ಶಿಲ್ಲಾಂಗ್‌ನ ಒಬ್ಬ ಬಾಡಿಗೆಗಿದ್ದ. ಡಾಕ್ಟರ್ ಆಗೋಕೆ ಬಂದವನು, ಗಿಟಾರ್ ತಂದಿದ್ದ. ಅವನಿಗೆ ನಮ್ಮಮ್ಮ ಕೊಡೋ ಮಂಡಕ್ಕಿ-ಮೆಣಸಿನಕಾಯಿ ಬೇಕು, ನನಗೆ ಅವನ ಹಾಡು ಬೇಕು. ಹಂಗೆ ಶುರುವಾದದ್ದು.

ಅವನ ಹತ್ತಿರ ಎರಡು ಕ್ಯಾಸೆಟ್ ಹಾಕೋ ಸೆಟ್ ಇತ್ತು. ಒಂದರಲ್ಲಿ ಹಾಡ್ತಾ ಇದ್ದರೆ ಇನ್ನೊಂದರಲ್ಲಿ ಕಾಪಿ ಆಗ್ತಿತ್ತು. ಖಾಲಿ ಕ್ಯಾಸೆಟ್ ನಾನು ತರಬೇಕು. ಟಿಡಿಕೆ ಸಿಕ್ಕರೆ ಹಬ್ಬ. ಇಲ್ಲದಿದ್ದರೆ ಹಳೇ ಭಕ್ತಿಗೀತೆಯ ಕ್ಯಾಸೆಟ್‌ನ ತೂತಿಗೆ ಟೇಪ್ ಅಂಟಿಸಿ ಅದರ ಮೇಲೇ ರೆಕಾರ್ಡ್ ಮಾಡೋದು. ನನ್ನ ಒಂದು ಕ್ಯಾಸೆಟ್‌ನಲ್ಲಿ ಹಾಡು ಮುಗಿದ ಕೂಡಲೇ ಇವತ್ತಿಗೂ ಹತ್ತು ಸೆಕೆಂಡ್ ಮಂಗಳಾರತಿ ಬರುತ್ತೆ. ಹೊದಿಕೆ ಚಿತ್ರಗಳನ್ನು ಅವನೇ ನೋಡಿ ಬರೀತಿದ್ದ. ಆ ಪಲ್ಸಾರ್ ಗೆರೆಗಳನ್ನು ಒಂದು ಇಡೀ ಭಾನುವಾರ ಕೂತು ನೀಲಿ ಪೆನ್ನಲ್ಲಿ ಎಳೆದ.

ಈ ಹಾಡುಗಳಿಗೆ ‘ನ್ಯೂ ವೇವ್’ ಅಂತಾರೆ ಅಂತ ಹೇಳಿದವನೂ ಅವನೇ. ನಾನು ಅದನ್ನ ಕನ್ನಡ ಮಾಡಿ ‘ಹೊಸ ಅಲೆ’ ಅಂತ ಗೆಳೆಯರಿಗೆ ಹೇಳಿದರೆ ಎಲ್ಲ ಗಾಬರಿ. ಹೊಸ ಅಲೆ ಅಂದರೆ ‘ಸಂಸ್ಕಾರ’ದ ಥರದ ಸಿನಿಮಾ, ಹಾಡೇ ಇರಲ್ಲವಲ್ಲ ಅಂತ!

ಇದು ಬೇರೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಇಂಗ್ಲೆಂಡ್‌ನಲ್ಲಿ ಪಂಕ್ ಬಂತು. ಮೂರೇ ಕಾರ್ಡ್ ಗೊತ್ತಿದ್ದರೂ ಬ್ಯಾಂಡ್ ಕಟ್ಟಬಹುದು ಅನ್ನೋ ಧೈರ್ಯ ಕೊಟ್ಟಿತು. ಅದರ ಬೆನ್ನಿಗೇ ಬಂದವರು ಕಿರುಚಾಟ ಕಮ್ಮಿ ಮಾಡಿ, ಸಿಂಥಸೈಜರ್ ತಂದು, ಡ್ರಮ್ ಮಷಿನ್ ತಂದು, ಬೇಸ್ ಗಿಟಾರ್ ಮುಂದೆ ತಂದು ನಿಲ್ಲಿಸಿದರು. ಉಕ್ಕಿನ ಊರು ಶೆಫೀಲ್ಡ್‌ನಿಂದ ‘ಹ್ಯೂಮನ್ ಲೀಗ್’, ಲಿವರ್‌ಪೂಲ್ ಎದುರು ದಡದ ವಿರಲ್‌ನಿಂದ ‘ಓಎಂಡಿ’, ಬ್ಯಾಸಿಲ್ಡನ್‌ನಿಂದ ‘ಡಿಪೆಷ್ ಮೋಡ್’, ಕ್ರಾಲಿಯಿಂದ ‘ದಿ ಕ್ಯೂರ್’. ಹೆಚ್ಚಿನವರು ಲಂಡನ್ನಿನ ದೊಡ್ಡ ಮನೆ ಮಕ್ಕಳಲ್ಲ. ಸಣ್ಣ ಊರು, ಮುಚ್ಚಿದ ಕಾರ್ಖಾನೆ, ಅಗ್ಗದ ಕೀಬೋರ್ಡ್.

ಇದರಲ್ಲಿ ನಮ್ಮವರದ್ದೂ ಒಂದು ಎಳೆ ಇದೆ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಶುರುವಾದಾಗ ತೋರಿಸಿದ ಮೊದಲ ವಿಡಿಯೊ ‘ಬಗಲ್ಸ್’ ಬ್ಯಾಂಡಿನ ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’. ಆ ಬ್ಯಾಂಡ್ ಕಟ್ಟಿದ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಒಬ್ಬರಿಗೊಬ್ಬರು ಸಿಕ್ಕಿದ್ದು ಟೀನಾ ಚಾರ್ಲ್ಸ್ ಎಂಬ ಗಾಯಕಿಯ ಹಿನ್ನೆಲೆ ತಂಡದಲ್ಲಿ. ಟೀನಾಗೆ ಹಿಟ್ ಹಾಡು ಮಾಡಿಕೊಟ್ಟಿದ್ದು ಯಾರು? ಬಿದ್ದು ಅಪ್ಪಯ್ಯ. ಕೊಡವರು, ಬೆಂಗಳೂರಿನಲ್ಲಿ ಬ್ಯಾಂಡ್ ನುಡಿಸಿ ಲಂಡನ್ನಿಗೆ ಹೋದವರು. ‘ಮೇಡ್ ಇನ್ ಇಂಡಿಯಾ’ ಅಂದರೆ ನಿಮಗೂ ಗೊತ್ತಾಗುತ್ತೆ.

ನನ್ನ ಡಬ್ಬಿಯಲ್ಲಿ ಮಾತ್ರ ಮ್ಯಾಂಚೆಸ್ಟರ್‌ನವರದ್ದೇ ಹೆಚ್ಚು. ಜಾಯ್ ಡಿವಿಷನ್, ಆಮೇಲೆ ಅದೇ ಹುಡುಗರ ‘ನ್ಯೂ ಆರ್ಡರ್’. ಅದು ಶ್ರೀಮಂತ ದೇಶದ, ಶ್ರೀಮಂತ ಊರಿನ ಸಂಗೀತ ಅಂತಲೇ ನಾನು ತಿಳಿದಿದ್ದೆ. ಕೆ.ಟಿ.ಜೆ. ನಗರದ ಶೀಟಿನ ಮನೆಯಿಂದ ತಪ್ಪಿಸಿಕೊಳ್ಳೋಕೆ ಅದು ನನಗೆ ಕಿಟಕಿ.

1988ರ ಒಂದು ಸಂಜೆ

ನಮ್ಮ ಮನೆಗೆ ಟೇಪ್ ರೆಕಾರ್ಡರ್ ತಂದದ್ದು ನಾನಲ್ಲ, ಅಪ್ಪ. ದೀಪಾವಳಿ ಬೋನಸ್ಸಿನಲ್ಲಿ. ರಾಜಕುಮಾರ್ ಹಾಡು, ಬಸವರಾಜ ರಾಜಗುರು ಅವರ ವಚನ ಕೇಳೋಕೆ. ಆದರೆ ಮಗ್ಗದ ಸದ್ದಿನ ನಡುವೆ ಇದ್ದು ಇದ್ದು ಅಷ್ಟರಲ್ಲೇ ಕಿವಿ ಮಂದ ಆಗಿತ್ತು. ಸ್ಪೀಕರಿಗೆ ಕಿವಿ ಹಚ್ಚಿ ಕೂರ್ತಿದ್ದರು. ಮಾತಾಡಿದರೆ ಬೀದಿಗೆಲ್ಲ ಕೇಳ್ತಿತ್ತು. ನನ್ನ ಗೆಳೆಯರು ಮನೆಗೆ ಬಂದಾಗ ಅದೊಂದು ನಾಚಿಕೆ ನನಗೆ.

ಎಂಬತ್ತರ ದಶಕದ ಕೊನೆಗೆ ನಮ್ಮೂರ ಗಿರಣಿಗಳು ಒಂದೊಂದಾಗಿ ಕುಸಿಯೋಕೆ ಶುರುವಾದವು. ಪವರ್‌ಲೂಮ್ ಬಂತು, ಪಾಲಿಯೆಸ್ಟರ್ ಬಂತು, ಹಳೇ ಯಂತ್ರಕ್ಕೆ ದುಡ್ಡು ಹಾಕೋರು ಇರಲಿಲ್ಲ. ಅಪ್ಪನ ಮಿಲ್ಲಿನ ಗೇಟಿಗೆ ಬೀಗ ಬಿದ್ದು ಆಗ ಮೂರು ತಿಂಗಳು. ದಿನಾ ಬೆಳಿಗ್ಗೆ ಟಿಫನ್ ಡಬ್ಬಿ ಹಿಡ್ಕೊಂಡೇ ಗೇಟಿನ ಹತ್ತಿರ ಹೋಗಿ ಕೂತು ಬರ್ತಿದ್ದರು.

ಮಳೆಗಾಲದ ಸಂಜೆ. ನಾನು ‘ಬ್ಲೂ ಮಂಡೇ’ ಹಾಕಿದ್ದೆ. ಕೇಳಿದವರಿಗೆ ಗೊತ್ತು, ಹಾಡು ಬರೋಕೆ ಮುಂಚೆ ಎರಡು ನಿಮಿಷ ಬರೀ ಡ್ರಮ್ ಮಷಿನ್ನು, ಸಿಂಥು. ಧಡ್ ಧಡ್ ಧಡ್. ಅಪ್ಪ ಬಾಗಿಲಲ್ಲಿ ಬಂದು ನಿಂತರು. ನೆಲದ ಅದುರು ಕಾಲಿಗೆ ಗೊತ್ತಾಗಿರಬೇಕು.

“ಏನೋ ಇದು, ಮಿಲ್ಲು ನಡೆದಂಗೆ ಐತಲ್ಲೋ! ಆರ್ಸು ಅದನ್ನ” ಅಂತ ಕೂಗಿದರು.

ನಾನು ತಲೆ ತಗ್ಗಿಸಿ ಗೊಣಗಿದೆ. ದನಿ ಕೂಡ ಹೊರಡಿಸಲಿಲ್ಲ. “ಕಿವುಡಂಗೆ ಯಾವ ಹಾಡಾದ್ರೇನು.”

ಅಪ್ಪ ಒಂದು ಗಳಿಗೆ ನಿಂತೇ ಇದ್ದರು. ಆಮೇಲೆ, “ಸಣ್ಣಕೆ ಇಟ್ಕೊಂಡು ಕೇಳು” ಅಂದು ಜಗಲಿಗೆ ಹೋಗಿ ಕೂತರು. ಸದ್ಯ, ಕೇಳಿಸಲಿಲ್ಲ ಅಂದ್ಕೊಂಡೆ.

ಆ ವರ್ಷವೇ ಅಪ್ಪ ಅಕ್ಕಿ ಗೋದಾಮೊಂದಕ್ಕೆ ರಾತ್ರಿ ಕಾವಲಿಗೆ ಸೇರಿದರು. ಟೇಪ್ ರೆಕಾರ್ಡರ್ ಮುಟ್ಟೋದನ್ನೇ ಬಿಟ್ಟರು. ನನಗಾಗಿ ಬಿಟ್ಟುಕೊಟ್ಟರು ಅಂತ ನಾನು ತಿಳಿದೆ.

ಹೋಟೆಲ್ಲಾದ ಹಾಲು, ಮನೆಯಾದ ಕ್ಲಬ್ಬು

ಮ್ಯಾಂಚೆಸ್ಟರ್‌ನಲ್ಲಿ ಮೊದಲ ಶನಿವಾರ ಕೊಡೆ ಹಿಡಿದು ಹೊರಟೆ. ಊರಿನ ನಡುಭಾಗ ಸಣ್ಣದು, ಎಲ್ಲ ನಡೆದೇ ನೋಡಬಹುದು. ಮಳೆ ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ. ಕೆಂಪು ಇಟ್ಟಿಗೆಯ ಎತ್ತರದ ಗೋದಾಮುಗಳು, ನಡುವೆ ಕಾಲುವೆ. ಒಂದು ಕಾಲಕ್ಕೆ ಈ ಊರನ್ನ ಹತ್ತಿಯ ರಾಜಧಾನಿ ಅಂತಿದ್ದರು.

ಮೊದಲು ಹೋದದ್ದು ಪೀಟರ್ ಸ್ಟ್ರೀಟ್‌ನ ಫ್ರೀ ಟ್ರೇಡ್ ಹಾಲ್‌ಗೆ. 1976ರ ಜೂನ್ 4ರಂದು ಇಲ್ಲಿನ ಮಹಡಿಯ ಚಿಕ್ಕ ಸಭಾಂಗಣದಲ್ಲಿ ಲಂಡನ್ನಿನ ‘ಸೆಕ್ಸ್ ಪಿಸ್ಟಲ್ಸ್’ ಹಾಡಿದರು. ಬಂದವರು ಸುಮಾರು ನಲವತ್ತು ಜನ. ಆದರೆ ಆ ನಲವತ್ತರಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಇದ್ದರು. ಹುಕ್ ಮಾರನೇ ದಿನವೇ ಹೋಗಿ ಬೇಸ್ ಗಿಟಾರ್ ಕೊಂಡ. ಅಲ್ಲಿಂದ ಬೆಳೆದದ್ದೇ ಜಾಯ್ ಡಿವಿಷನ್. ಈಗ ಆ ಕಟ್ಟಡ ಹೋಟೆಲ್. ಮುಂಭಾಗದ ಕಲ್ಲಿನ ಕಮಾನು ಉಳಿಸಿಕೊಂಡಿದ್ದಾರೆ. ಗೋಡೆ ಮೇಲೆ ಒಂದು ಕೆಂಪು ಫಲಕ ಇದೆ, ಅದು ಸಂಗೀತದ್ದಲ್ಲ. 1819ರ ಆಗಸ್ಟ್ 16ರಂದು ಇದೇ ಬಯಲಿನಲ್ಲಿ ಮತದಾನದ ಹಕ್ಕು ಕೇಳಿ ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ್ದರು. ಪೀಟರ್‌ಲೂ ಹತ್ಯಾಕಾಂಡ ಅದು. ಸೇರಿದ್ದವರಲ್ಲಿ ಎಷ್ಟೋ ಜನ ನೇಕಾರರು.

ನೇಕಾರರು ಅಂತ ಓದಿದಾಗ ಮೊದಲ ಸಲ ಅಪ್ಪನ ನೆನಪಾಯ್ತು.

ಅಲ್ಲಿಂದ ಹತ್ತು ನಿಮಿಷ ನಡೆದರೆ ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್. ‘ಹಸಿಯೆಂಡಾ’ ಕ್ಲಬ್ ಇದ್ದ ಜಾಗ. ದೋಣಿ ಮಾರುವ ಮಳಿಗೆಯಾಗಿದ್ದ ಗೋದಾಮನ್ನು ಕ್ಲಬ್ ಮಾಡಿ 1982ರ ಮೇ 21ರಂದು ತೆರೆದರು. ಒಳಗಿನ ಕಂಬಗಳಿಗೆ ಕಾರ್ಖಾನೆಯಲ್ಲಿ ಅಪಾಯ ತೋರಿಸೋಕೆ ಬಳಿಯೋ ಹಾಗೆ ಹಳದಿ-ಕಪ್ಪು ಪಟ್ಟೆ ಬಳಿದಿದ್ದರು. ನ್ಯೂ ಆರ್ಡರ್‌ನವರ ರೆಕಾರ್ಡಿನ ದುಡ್ಡು ಬಹಳಷ್ಟು ಇದರಲ್ಲೇ ಕರಗಿತು. 1997ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. ಈಗ ಅಲ್ಲಿರೋದು ಅಪಾರ್ಟ್‌ಮೆಂಟ್, ಹೆಸರು ಮಾತ್ರ ಹಸಿಯೆಂಡಾ. ನಾನು ನಿಂತು ಫೋಟೊ ತೆಗೀತಿದ್ದರೆ ಒಬ್ಬರು ತರಕಾರಿ ಚೀಲ ಹಿಡ್ಕೊಂಡು ಬಾಗಿಲು ತೆಗೆದು ಒಳಗೆ ಹೋದರು. ನನ್ನ ಥರದವರನ್ನ ನೋಡಿ ನೋಡಿ ಅವರಿಗೆ ಅಭ್ಯಾಸ ಆಗಿರಬೇಕು.

ಈ ಕ್ಲಬ್ಬು, ಆ ರೆಕಾರ್ಡುಗಳ ಹಿಂದಿದ್ದ ಕಂಪನಿಯ ಹೆಸರು ‘ಫ್ಯಾಕ್ಟರಿ’. 1978ರಲ್ಲಿ ಟಿವಿ ನಿರೂಪಕ ಟೋನಿ ವಿಲ್ಸನ್ ಮತ್ತು ಅವನ ಗೆಳೆಯ ಅಲನ್ ಇರಾಸ್ಮಸ್ ಶುರು ಮಾಡಿದ್ದು. ಊರಿನ ಕಾರ್ಖಾನೆಗಳೆಲ್ಲ ಮುಚ್ಚುತ್ತಿದ್ದ ಕಾಲಕ್ಕೆ ಇವರು ಬೇಕಂತಲೇ ಆ ಹೆಸರಿಟ್ಟರು. 1992ರಲ್ಲಿ ದಿವಾಳಿಯಾಗಿ ಅದೂ ಮುಚ್ಚಿತು. ಜಾಯ್ ಡಿವಿಷನ್ ಅಭ್ಯಾಸ ಮಾಡ್ತಿದ್ದದ್ದು ಲಿಟ್ಲ್ ಪೀಟರ್ ಸ್ಟ್ರೀಟ್‌ನ ಹಳೇ ಕಟ್ಟಡವೊಂದರಲ್ಲಿ. ಅದೂ ಇಲ್ಲ. ಅವರ ರೆಕಾರ್ಡ್ ಮಾಡಿದ ಮಾರ್ಟಿನ್ ಹ್ಯಾನೆಟ್ ಡ್ರಮ್ಮಿನ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ನುಡಿಸಿ ಹಿಡಿದನಂತೆ. ಸ್ಟುಡಿಯೋದ ಲಿಫ್ಟಿನ ಸದ್ದು, ಗಾಜು ಒಡೆಯೋ ಸದ್ದನ್ನೂ ಬಿಡಲಿಲ್ಲ. ಖಾಲಿ ಗೋದಾಮುಗಳ ನಡುವೆ ನಿಂತಾಗ ಆ ಹಾಡುಗಳಲ್ಲಿ ಅಷ್ಟು ಜಾಗ, ಅಷ್ಟು ಪ್ರತಿಧ್ವನಿ ಯಾಕಿತ್ತು ಅಂತ ಗೊತ್ತಾಗುತ್ತೆ.

ನಾನು ಕಿಟಕಿ ಅಂದ್ಕೊಂಡಿದ್ದು ಕನ್ನಡಿ. ಮೂವತ್ತೇಳು ವರ್ಷ ಮಿಲ್ಲು ಮುಚ್ಚಿದ ಊರಿನ ಹಾಡು ಕೇಳಿ, ಮಿಲ್ಲು ಮುಚ್ಚಿದ ಊರಿನಿಂದ ತಪ್ಪಿಸಿಕೊಂಡೆ ಅಂತ ನಂಬಿದ್ದೆ.

ಸಂಜೆ ಕೆಥೀಡ್ರಲ್ ಮುಂದೆ ಗಾಂಧೀಜಿ ಸಿಕ್ಕರು. 2019ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ. 1931ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಬಂದಾಗ ಇಲ್ಲಿಂದ ಸ್ವಲ್ಪ ದೂರದ ಡಾರ್ವೆನ್ ಎಂಬ ಮಿಲ್ಲೂರಿಗೆ ಹೋಗಿದ್ದರು. ನಾವು ವಿದೇಶಿ ಬಟ್ಟೆ ಬಿಟ್ಟಿದ್ದರಿಂದ ಕೆಲಸ ಕಳಕೊಂಡ ಜನರ ಊರು ಅದು. ಆದರೂ ಗಿರಣಿಯ ಹೆಂಗಸರು ಅವರ ಸುತ್ತ ನಿಂತು ನಗ್ತಾ ಫೋಟೊ ತೆಗೆಸಿಕೊಂಡರು. ಇವರ ಮಿಲ್ಲು ಮುಚ್ಚೋಕೆ ನಮ್ಮ ಮಿಲ್ಲುಗಳೂ ಒಂದು ಕಾರಣ. ನಮ್ಮದು ಮುಚ್ಚೋಕೆ ಇನ್ಯಾರೋ. ಲಾಳಿ ಆಚೆ ಈಚೆ ಓಡಾಡಿದ ಹಾಗೆ.

ರೇಷ್ಮೆಯ ಊರಿನ ಗುಮಾಸ್ತ

ಭಾನುವಾರ ಮ್ಯಾಕಲ್ಸ್‌ಫೀಲ್ಡ್‌ಗೆ ಹೋದೆ. ಪಿಕಾಡಿಲಿ ಸ್ಟೇಷನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ನಮಗೆ ರಾಮನಗರ ಹೇಗೋ ಅವರಿಗೆ ಮ್ಯಾಕಲ್ಸ್‌ಫೀಲ್ಡ್ ಹಾಗೆ, ರೇಷ್ಮೆಯ ಊರು. ಜಾಯ್ ಡಿವಿಷನ್‌ನ ಹಾಡುಗಾರ ಇಯಾನ್ ಕರ್ಟಿಸ್ ಇದ್ದ ಊರು. ಮಿಲ್ ಸ್ಟ್ರೀಟ್‌ನಲ್ಲಿ ಒಂದು ಕಟ್ಟಡದ ಗೋಡೆ ತುಂಬ ಅವನ ಮುಖ ಬರೆದಿದ್ದಾರೆ.

ಕರ್ಟಿಸ್ ಹಾಡೋಕೆ ಮುಂಚೆ, ಹಾಡೋಕೆ ಶುರು ಮಾಡಿದ ಮೇಲೂ ಕೆಲಕಾಲ, ಸರ್ಕಾರಿ ಗುಮಾಸ್ತ. ಇದೇ ಊರಿನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡೋದು ಅವನ ಕೆಲಸ. ಕೆಲಸ ಹುಡುಕಿಕೊಂಡು ಅಲ್ಲಿಗೆ ಬರ್ತಿದ್ದ ಅಪಸ್ಮಾರದ ಹುಡುಗಿಯೊಬ್ಬಳು ಒಮ್ಮೆಲೇ ಬರೋದು ನಿಲ್ಲಿಸಿದಳು, ತೀರಿಹೋಗಿದ್ದಳು. ‘ಶೀಸ್ ಲಾಸ್ಟ್ ಕಂಟ್ರೋಲ್’ ಆ ಹುಡುಗಿಯ ಮೇಲಿನ ಹಾಡು. ಆಮೇಲೆ ಅವನಿಗೂ ಅದೇ ಕಾಯಿಲೆ ಅಂತ ಗೊತ್ತಾಯ್ತು. 1980ರ ಮೇ 18ರಂದು, ಅಮೆರಿಕ ಪ್ರವಾಸಕ್ಕೆ ಹೊರಡೋ ಹಿಂದಿನ ದಿನ, ಜೀವ ಕಳಕೊಂಡ. ವಯಸ್ಸು 23. ಮನೆಯಲ್ಲಿ ಒಂದು ವರ್ಷದ ಮಗಳು.

ಸ್ಮಶಾನದಲ್ಲಿ ಅವನ ಹೆಸರಿನ ಸಣ್ಣ ಕಲ್ಲು. ಯಾರೋ ಪ್ಲಾಸ್ಟಿಕ್ ಹೂ, ನಾಣ್ಯ, ಗಿಟಾರ್ ಮೀಟೋ ಚೂರು ಇಟ್ಟು ಹೋಗಿದ್ದರು. ಹದಿನೆಂಟರಲ್ಲಿ ನಾನು ಅವನ ಹಾಡನ್ನ ಕೋಪ ಅಂತ ಕೇಳಿದ್ದೆ. ಈಗ ಐವತ್ತೇಳರಲ್ಲಿ, ನನ್ನ ಮಗಳಿಗಿಂತ ಚಿಕ್ಕ ಹುಡುಗನ ಕಲ್ಲಿನ ಮುಂದೆ ನಿಂತಾಗ ಬೇರೆಯೇ ಅನ್ನಿಸ್ತು. ಕೆಲಸ ಇಲ್ಲದೆ ಮೇಜಿನ ಎದುರು ಕೂತವರ ಮುಖ ದಿನಾ ನೋಡಿದ್ದವನು ಅವನು. ಹಂಗೇ ಕೂತವರಲ್ಲಿ ನಮ್ಮಪ್ಪನೂ ಒಬ್ಬರು. ಚಿತ್ರದುರ್ಗ, ದಾವಣಗೆರೆ ಅಂತ ಯಾವ್ಯಾವುದೋ ಕಚೇರಿಯ ಬೆಂಚಿನ ಮೇಲೆ, ಕೂಗಿದ ಹೆಸರು ಕೇಳಿಸದೆ ಪಾಳಿ ತಪ್ಪಿಸಿಕೊಂಡು.

ಮಗ್ಗದ ಮುಂದೆ

ಅಪ್ಪ ಕೇಳಿದ್ದು ಬಾಕಿ ಇತ್ತು. ಮಿಲ್ಲು ನಡೀತಾವಾ?

ಹೊರಡೋ ಎರಡು ದಿನ ಮುಂಚೆ ಲಿವರ್‌ಪೂಲ್ ರೋಡಿನ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂಗೆ ಹೋದೆ. ಒಳಗೆ ಹೋಗೋಕೆ ದುಡ್ಡಿಲ್ಲ. 1830ರಲ್ಲಿ ಕಟ್ಟಿದ, ಉಳಿದಿರುವ ಜಗತ್ತಿನ ಅತಿ ಹಳೆಯ ಪ್ರಯಾಣಿಕರ ರೈಲು ನಿಲ್ದಾಣ ಇರೋದು ಇದೇ ಆವರಣದಲ್ಲಿ. ನೀವು ಫುಟ್‌ಬಾಲ್ ನೋಡೋಕೆ ಅಂತ ಮ್ಯಾಂಚೆಸ್ಟರ್‌ಗೆ ಹೋದರೂ ಇಲ್ಲಿಗೆ ಎರಡು ಗಂಟೆ ಇಟ್ಕೊಳ್ಳಿ. ಬಟ್ಟೆಯ ವಿಭಾಗದಲ್ಲಿ ಹಳೇ ಯಂತ್ರಗಳನ್ನ ಓಡಿಸಿ ತೋರಿಸ್ತಾರೆ, ಆ ಹೊತ್ತು ಕೇಳಿಕೊಂಡು ಹೋಗಿ.

ಹತ್ತಿ ಅರಳೆ ಹಿಂಜೋದು, ನೂಲು ಹೊಸೆಯೋದು ತೋರಿಸಿ, ವಿವರಿಸುವ ಹೆಂಗಸು ಮಗ್ಗದ ಹತ್ತಿರ ಬಂದರು. ಮಕ್ಕಳಿಗೆಲ್ಲ ಕಿವಿ ಮುಚ್ಚಿಕೊಳ್ಳಿ ಅಂದರು. ಗುಂಡಿ ಒತ್ತಿದರು.

ಒಂದೇ ಒಂದು ಮಗ್ಗ. ನೆಲ ಅದುರಿತು. ಧಡ್ ಧಡ್ ಧಡ್. ನನ್ನ ಪಕ್ಕದಲ್ಲಿದ್ದವರ ಬಾಯಿ ಆಡ್ತಿತ್ತು, ಮಾತು ಕೇಳಿಸ್ತಿರಲಿಲ್ಲ. ಅರ್ಧ ನಿಮಿಷಕ್ಕೆ ನಿಲ್ಲಿಸಿದರು. ಶೆಡ್ಡಿನಲ್ಲಿ ಇಂಥವು ನೂರಾರು ಇರ್ತಿದ್ದವು ಅಂದರು. ಅಪ್ಪ ಇದರ ನಡುವೆ ದಿನಕ್ಕೆ ಎಂಟು ಗಂಟೆ, 27 ವರ್ಷ ನಿಂತಿದ್ದರು. ಹುಟ್ಟಿ ಬೆಳೆದ ಊರಿನಲ್ಲಿದ್ದ ಆ ಮಿಲ್ಲಿನೊಳಗೆ ನಾನು ಒಂದು ಸಲವೂ ಕಾಲಿಟ್ಟವನಲ್ಲ.

ಆಮೇಲೆ ಆಕೆ ಲಾಳಿ ಕೈಗೆ ತಗೊಂಡು, ಅದರ ಕಣ್ಣಿಗೆ ಬಾಯಿ ಹಚ್ಚಿ ನೂಲು ಹೇಗೆ ಎಳೀತಿದ್ದರು ಅಂತ ತೋರಿಸಿದರು. ಆ ಎಳೆತದಲ್ಲಿ ಹತ್ತಿಯ ಧೂಳೂ ಒಳಗೆ ಹೋಗ್ತಿತ್ತು. ಅಪ್ಪನ ಬೆಳಗಿನ ಕೆಮ್ಮು ನೆನಪಾಯ್ತು.

“ಇಷ್ಟು ಸದ್ದಿನಲ್ಲಿ ಅವರು ಹೇಗೆ ಮಾತಾಡ್ತಿದ್ದರು ಹೇಳಿ?” ಅಂತ ಮಕ್ಕಳನ್ನ ಕೇಳಿದರು. ಉತ್ತರ ಬರಲಿಲ್ಲ. ಆಕೆ ದನಿ ಇಲ್ಲದೆ, ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸಿ ಏನೋ ಹೇಳಿದರು. ಹಿಂದೆ ನಿಂತಿದ್ದ ಒಬ್ಬ ಮುದುಕಿ ಗೊಳ್ಳೆಂದು ನಕ್ಕು, ಹಾಗೇ ತುಟಿಯಲ್ಲೇ ಉತ್ತರ ಕೊಟ್ಟರು. ಅವರ ತಾಯಿ ನೇಕಾರಳಂತೆ, ಮನೆಯಲ್ಲೂ ಹಂಗೇ ಮಾತಾಡ್ತಿದ್ದಳಂತೆ. ಲ್ಯಾಂಕಾಷೈರ್ ಮಿಲ್ಲುಗಳಲ್ಲಿ ಎಲ್ಲರೂ ತುಟಿ ಓದ್ತಿದ್ದರು, ಶೆಡ್ಡಿನ ಈ ಕೊನೆಯಿಂದ ಆ ಕೊನೆಗೆ. ನೇಕಾರರ ಎದುರು ಗುಟ್ಟು ಆಡೋ ಹಾಗೇ ಇರಲಿಲ್ಲ ಅಂತ ಆಕೆ ನಗ್ತಾ ಹೇಳಿದರು.

ಎಲ್ಲರೂ ನಕ್ಕರು. ನಾನು ಗೋಡೆಗೆ ಒರಗಿ ನಿಂತೆ.

ಬಾಗಿಲಲ್ಲಿ ಅಪ್ಪ. ಟೇಪ್ ರೆಕಾರ್ಡರ್ ಮುಂದೆ ನಾನು. ನಡುವೆ ಹತ್ತಡಿಯೂ ಇರಲಿಲ್ಲ.

ಆ ಮಗ್ಗವನ್ನ ಇನ್ನೊಂದು ಸಲ ಓಡಿಸ್ತೀರಾ ಅಂತ ಆಕೆಯನ್ನ ಕೇಳಿಕೊಂಡೆ. ವಿಡಿಯೊ ಮಾಡಿಕೊಂಡೆ.

ವಾಪಸ್ ದಾವಣಗೆರೆ

ಬಂದ ವಾರವೇ ಊರಿಗೆ ಹೋದೆ. ಅಪ್ಪನಿಗೆ ಸ್ವೆಟರ್ ತಂದಿದ್ದೆ, ಅದನ್ನ ಮುಟ್ಟಿ ನೋಡಿ, ನೂಲು ಚೆನ್ನಾಗೈತಿ ಅಂದರು. ಅಲ್ಲಿ ಮಿಲ್ಲುಗಳು ನಡೆಯಲ್ಲ, ಎಲ್ಲ ಮನೆ-ಹೋಟೆಲ್ ಆಗಿವೆ ಅಂತ ಹೇಳಿ ಫೋನಿನಲ್ಲಿ ಆ ವಿಡಿಯೊ ತೋರಿಸಿದೆ. ಕನ್ನಡಕ ಏರಿಸಿ ಮೂರು ಸಲ ನೋಡಿದರು.

“ಲಾಳಿ ತಡ ಮಾಡ್ತೈತಿ” ಅಂದರು. “ಪಿಕ್ಕಿಂಗ್ ಪಟ್ಟಿ ಸಡಲ ಬಿದ್ದೈತಿ. ಯಾರೂ ನೋಡ್ಕೊಳ್ಳಲ್ಲೇನು?”

ನಾನು ಎದುರು ಕೂತೆ. 1988, ಆ ಸಂಜೆ, ಮಿಲ್ಲು ನಡೆದಂಗೆ ಇದ್ದ ಹಾಡು... ನಿಧಾನ ಹೇಳ್ತಾ ಹೋದೆ. ಅವತ್ತು ನಾನು ಅಂದದ್ದು ಕೇಳಿಸಿತ್ತಾ ಅಪ್ಪಾ?

ಅಪ್ಪ ಬೀದಿ ಕಡೆ ನೋಡಿದರು.

“ಕೇಳ್ಸಿರಲಿಲ್ಲ” ಅಂದರು. “ಕಂಡಿತ್ತು.”

ಏನು ಹೇಳಬೇಕೋ ತಿಳೀಲಿಲ್ಲ. ಒಳಗೆ ನನ್ನ ಹೆಂಡತಿ, ತಂಗಿ ಎಲ್ಲ ಇದ್ದರು. ಅಪ್ಪನ ಮುಖ ನನ್ನ ಕಡೆ ತಿರುಗೋವರೆಗೆ ಕಾದೆ. ಆಮೇಲೆ ದನಿ ಹೊರಡಿಸದೆ, ತುಟಿಯನ್ನಷ್ಟೇ ಆಡಿಸಿ ಹೇಳಿದೆ: ತಪ್ಪಾಯ್ತಪ್ಪಾ.

ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡ್ತಾ ಕೂತಿದ್ದರು.

“ಬಾಯಿ ಇನ್ನಷ್ಟು ದೊಡ್ಡದು ತೆಗೀಬೇಕು. ನಿನ್ನ ಮಾತು ಯಾವಾಗ್ಲೂ ಹಲ್ಲೊಳಗೇ” ಅಂದರು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದರು. “ಮಂಡಕ್ಕಿ ಹಚ್ಚ್ಯಾರಂತೆ, ನಡಿ. ಆ ಡಬ್ಬಿ ಮತ್ತೆ ಅಟ್ಟಕ್ಕೆ ಹಾಕಬ್ಯಾಡ, ಇಲಿ ಅದಾವೆ.”

ಡಬ್ಬಿ ಈಗ ಬೆಂಗಳೂರಿನ ಮನೆಯಲ್ಲಿದೆ. ಇಪ್ಪತ್ತೇಳರಲ್ಲಿ ಹತ್ತೊಂಬತ್ತು ಇನ್ನೂ ಹಾಡ್ತವೆ. ಆ ಟಿ-ಶರ್ಟಿನ ಹುಡುಗಿಗೆ ನೀಲಿ ಗೆರೆಯ ಹೊದಿಕೆ ತೋರಿಸಿದೆ, ಫೋಟೊ ತೆಗೆದುಕೊಂಡಳು. ಇದು ಯಾರು ಬರೆದದ್ದು ಸರ್ ಅಂದಳು. ಶಿಲ್ಲಾಂಗ್‌ನ ಆ ಗೆಳೆಯನನ್ನ ಹುಡುಕೋದು ಇನ್ನು ಬಾಕಿ.